ಕಡ್ಡಿ ಚಕ್ರ ನೋಡಿ ಟಿಸಿ ಎನ್ನಬೇಡಿ: ಹಳೆಯ ಎಂಜಿ ಕಾರುಗಳ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಆಲ್ದೂರು): ನಮಸ್ಕಾರ ಸರ್. ನಮ್ಮ ದೊಡ್ಡಪ್ಪನವರ ತೋಟದ ಮನೆಯ ಶೆಡ್ಡಿನಲ್ಲಿ ಇಂಗ್ಲೆಂಡಿನ, ಎರಡು ಸೀಟಿನ ಹಳೆಯ ಎಂಜಿ ಕಾರೊಂದಿದೆ. ಬಹಳ ವರ್ಷಗಳಿಂದ ಓಡಿಲ್ಲ. ಸೈಕಲ್ಲಿನಂತೆ ಕಡ್ಡಿ ಚಕ್ರಗಳಿರುವುದರಿಂದ ಮನೆಯಲ್ಲಿ ಎಲ್ಲರೂ ಇದನ್ನು ‘ಟಿಸಿ’ ಎನ್ನುತ್ತಾರೆ. ಬಂದು ನೋಡಿದ ಒಬ್ಬರು ‘ಟಿಡಿ’ ಇರಬೇಕು ಎಂದರು. ಎಂಜಿನ್ನಿನ ತಗಡಿನ ಮೇಲೆ ಎಕ್ಸ್‌ಪಿಎಜಿ ಎಂದು ಓದಲು ಬರುತ್ತದೆ, ಮುಂದಿನದು ಸವೆದಿದೆ. ಬದಿಯಿಂದ ತೆಗೆದ ಫೋಟೊ ಹಾಕಿದ್ದೇನೆ. ಇದು ಯಾವುದು?

ಉತ್ತರ (ಹಾಸನದ ಗ್ಯಾರೇಜಿನಿಂದ): ನಮಸ್ಕಾರ. ಎಕ್ಸ್‌ಪಿಎಜಿ ಎಂಬುದರಿಂದ ಏನೂ ತೀರ್ಮಾನವಾಗುವುದಿಲ್ಲ. ಟಿಸಿ, ಟಿಡಿ, ಟಿಎಫ್ ಎಂದರೆ ಎಂಜಿಯಿಂದ ಒಂದರ ಹಿಂದೆ ಒಂದು ಬಂದ ಮೂರು ಮಾದರಿಗಳು. ಆ 1250 ಸಿಸಿ ಎಂಜಿನ್ ಟಿಸಿಯಲ್ಲೂ ಇದೆ, ಟಿಡಿಯಲ್ಲೂ ಇದೆ, ಮೊದಮೊದಲ ಟಿಎಫ್‌ನಲ್ಲೂ ಇದೆ. ಚಕ್ರವನ್ನಂತೂ ನಂಬಲೇಬೇಡಿ. ಟಿಡಿಗೆ ಕಾರ್ಖಾನೆ ಕಡ್ಡಿ ಚಕ್ರ ಕೊಡಲೇ ಇಲ್ಲ, ತಗಡಿನ ಡಿಸ್ಕ್ ಚಕ್ರವೇ ಬರುತ್ತಿತ್ತು. ಅಂದಕ್ಕೆಂದು ಆಮೇಲೆ ಕಡ್ಡಿ ಚಕ್ರ ಹಾಕಿಸಿಕೊಂಡವರು ಪ್ರಪಂಚದ ತುಂಬ ಇದ್ದಾರೆ. ನಿಮ್ಮ ಫೋಟೊದಲ್ಲಿ ಚಕ್ರ ಚಿಕ್ಕದಾಗಿ ಕಾಣುತ್ತಿದೆ. ಟಿಸಿಯದು 19 ಇಂಚಿನ ತೆಳ್ಳನೆಯ ಎತ್ತರದ ಚಕ್ರ, ಟಿಡಿಯದು 15 ಇಂಚು. ಅನುಮಾನ ನನಗೆ ಅಲ್ಲೇ ಶುರುವಾಯಿತು.

ಬೋಲ್ಟ್ ಬಿಚ್ಚಿ ಬದಲಿಸಬಹುದಾದ ಯಾವುದನ್ನೂ ಸಾಕ್ಷಿಯಾಗಿ ತೆಗೆದುಕೊಳ್ಳಬೇಡಿ. ಟಾರ್ಚ್ ಹಿಡಿದು ಕಾರಿನ ಹಿಂಬದಿಗೆ ಹೋಗಿ ಕೆಳಗೆ ಬಗ್ಗಿ ನೋಡಿ. ಚಾಸಿಯ, ಅಂದರೆ ಕಾರಿನ ಅಡಿ ಚೌಕಟ್ಟಿನ, ಎರಡು ಉದ್ದನೆಯ ತೊಲೆಗಳು ಹಿಂದಿನ ಆಕ್ಸಲ್‌ನ ಕೆಳಗೆ ಹಾದು ಹೋಗಿದ್ದರೆ ಟಿಸಿ. ಆಕ್ಸಲ್ ಹತ್ತಿರ ಮೇಲಕ್ಕೆ ಬಾಗಿ ಅದರ ಮೇಲಿಂದ ದಾಟಿದ್ದರೆ ಟಿಡಿ ಅಥವಾ ಟಿಎಫ್. ಬಳಿಕ ಮುಂದಕ್ಕೆ ಬನ್ನಿ. ಒಂದು ಚಕ್ರದಿಂದ ಇನ್ನೊಂದಕ್ಕೆ ಇಡಿಯ ಆಕ್ಸಲ್, ಅದಕ್ಕೆ ಲೀಫ್ ಸ್ಪ್ರಿಂಗ್ ಇದ್ದರೆ ಟಿಸಿ. ಎರಡೂ ಕಡೆ ಬೇರೆ ಬೇರೆಯಾಗಿ ಕಾಯಿಲ್ ಸ್ಪ್ರಿಂಗ್, ನಡುವೆ ರ‍್ಯಾಕ್ ಸ್ಟೀರಿಂಗ್ ಇದ್ದರೆ ಟಿಡಿ ಅಥವಾ ಟಿಎಫ್. ಎಂಜಿ 1947ರಲ್ಲಿ ‘ವೈ’ ಎಂಬ ಸಣ್ಣ ಸಲೂನ್ ಕಾರು ತಂದಿತ್ತು. ಅದರ ಚಾಸಿಯನ್ನು ಗಿಡ್ಡ ಮಾಡಿಯೇ ಟಿಡಿಯನ್ನು ರೂಪಿಸಿದರು. ಹಾಗಾಗಿ ಹೊರಗಿನಿಂದ ಅಣ್ಣ ತಮ್ಮಂದಿರಂತೆ ಕಂಡರೂ ಟಿಸಿ ಮತ್ತು ಟಿಡಿಯ ಅಡಿಪಾಯವೇ ಬೇರೆ.

ಒಳಗೆ ಕುಳಿತು ಡ್ಯಾಶ್‌ಬೋರ್ಡನ್ನೂ ಗಮನಿಸಿ. ಟಿಸಿಯಲ್ಲಿ ಚಾಲಕನ ಮುಂದೆ ಇರುವುದು ಎಂಜಿನ್ ಸುತ್ತು ತೋರಿಸುವ ಮೀಟರ್. ಸ್ಪೀಡೊಮೀಟರ್ ಪಕ್ಕದಲ್ಲಿ ಕುಳಿತವರ ಮುಂದಿರುತ್ತದೆ! ಟಿಡಿಯಲ್ಲಿ ಎರಡೂ ಚಾಲಕನ ಎದುರಿಗಿವೆ. ಎಡಗಡೆಯ ಮುಂದಿನ ಚಾಸಿ ತುದಿಯನ್ನು ಸೀಮೆಎಣ್ಣೆ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಚಾಸಿ ಸಂಖ್ಯೆ ಸಿಗಬಹುದು. ತಂತಿ ಬ್ರಷ್ ಹಾಕಬೇಡಿ, ಅಂಕಿ ಅಳಿಸಿಹೋಗುತ್ತದೆ. ಟಿಸಿ, ಟಿಡಿ ಎರಡರ ಸರಣಿಯೂ 0251ರಿಂದ ಶುರು. 251 ಎಂಬುದು ಎಂಜಿಯ ಅಬಿಂಗ್ಡನ್ ಕಾರ್ಖಾನೆಯ ಟೆಲಿಫೋನ್ ಸಂಖ್ಯೆಯಾಗಿತ್ತು.

ಪ್ರಶ್ನೆ (ಸಕಲೇಶಪುರ): ಸರ್, ಎಂಜಿನ್ ಒಂದೇ ಎಂದಮೇಲೆ ಟಿಡಿಯ ಬಿಡಿಭಾಗ ಟಿಸಿಗೆ ಹಾಕಬಹುದಲ್ಲವೇ? ಇನ್ನೊಂದು ವಿಚಾರ. ನನ್ನ ಸ್ನೇಹಿತರ ಕಾರಿನ ಎಂಜಿನ್‌ಗೆ ಯಾವ ಸ್ಪ್ಯಾನರ್ ಕೂಡ ಸರಿಯಾಗಿ ಕೂರುವುದಿಲ್ಲ. ಇದೇಕೆ?

ಉತ್ತರ: ಹೆಸರು ಒಂದೇ, ಒಳಗೆ ಬದಲಾವಣೆಗಳಿವೆ. ಟಿಸಿಯ ಕ್ಲಚ್ ಏಳೂಕಾಲು ಇಂಚು, ನಂತರದ ಟಿಡಿಯಲ್ಲಿ ಎಂಟು ಇಂಚು. ಎಂಜಿನ್ ಸಂಖ್ಯೆಯಲ್ಲಿ ‘ಟಿಡಿ2’ ಎಂದಿದ್ದರೆ ದೊಡ್ಡ ಕ್ಲಚ್. ಮುಂದೆ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಕೂಡ ಬದಲಾಯಿತು. ಹಳೆಯದಕ್ಕೆ ವಾಲ್ವ್ ಸಂದು 0.019 ಇಂಚು, ಹೊಸದಕ್ಕೆ 0.012. ಒಳಗಿರುವ ಕ್ಯಾಮ್ ಯಾವುದೆಂದು ತಿಳಿಯದೆ ಪುಸ್ತಕ ನೋಡಿ ಸಂದು ಇಟ್ಟರೆ ಒಂದೋ ಟಪಟಪ ಸದ್ದು, ಇಲ್ಲವೇ ವಾಲ್ವ್ ಸರಿಯಾಗಿ ಮುಚ್ಚದೆ ಸುಡುತ್ತದೆ.

ಸ್ಪ್ಯಾನರ್ ವಿಷಯ ದಯವಿಟ್ಟು ಎಲ್ಲರೂ ಗಮನವಿಟ್ಟು ಓದಿ. ಈ ಎಂಜಿನ್‌ಗಳನ್ನು ಹಾಳು ಮಾಡುವುದರಲ್ಲಿ ಮೊದಲ ಸ್ಥಾನ ಇದಕ್ಕೇ. ಈ ಎಂಜಿನ್‌ಗಳು ತಯಾರಾದ ಇಂಗ್ಲೆಂಡಿನ ಕವೆಂಟ್ರಿಯ ಕಾರ್ಖಾನೆ ಮೂಲತಃ ಫ್ರಾನ್ಸಿನ ಹಾಚ್‌ಕಿಸ್ ಕಂಪನಿಯದು. ಇಂಗ್ಲೆಂಡಿನ ಮಾರಿಸ್ ಕಂಪನಿ ಅದನ್ನು 1923ರಲ್ಲಿ ಕೊಂಡಿತು. ಯಂತ್ರಗಳೆಲ್ಲ ಮೆಟ್ರಿಕ್ ಅಳತೆಯವು. ಅದರಿಂದ ಬೋಲ್ಟಿನ ಥ್ರೆಡ್ ಮೆಟ್ರಿಕ್ ಆಗಿಯೇ ಉಳಿಯಿತು, ಆದರೆ ಇಂಗ್ಲೆಂಡಿನ ಮೆಕ್ಯಾನಿಕ್‌ಗಳ ಕೈಯಲ್ಲಿದ್ದ ಸ್ಪ್ಯಾನರ್‌ಗೆ ಹೊಂದಲಿ ಎಂದು ತಲೆಯನ್ನು ಅಲ್ಲಿನ ಹಳೆಯ ಇಂಚು ಪದ್ಧತಿಯ ವಿಟ್‌ವರ್ತ್ ಅಳತೆಗೆ ಮಾಡಿದರು. ಕಾಲು ಇಂಚು ದಪ್ಪದ ಬೋಲ್ಟಿಗೆಂದು ಇರುವ ವಿಟ್‌ವರ್ತ್ ತಲೆ ಸುಮಾರು 13.3 ಮಿ.ಮೀ. ಅಗಲ. 13ರ ಸ್ಪ್ಯಾನರ್ ಒಳಗೆ ಹೋಗುವುದಿಲ್ಲ, 14ರದು ಸಡಿಲವಾಗಿ ಮೂಲೆಗಳನ್ನು ತಿಂದು ಹಾಕುತ್ತದೆ. ಇನ್ನೂ ದೊಡ್ಡ ಅಪಾಯ ಥ್ರೆಡ್‌ನದು. ಇದರ 8 ಮಿ.ಮೀ. ಬೋಲ್ಟಿಗೆ 1 ಮಿ.ಮೀ. ಪಿಚ್ (ಥ್ರೆಡ್‌ನ ಒಂದು ಸುತ್ತಿನಿಂದ ಮುಂದಿನದಕ್ಕೆ ಇರುವ ಅಂತರ), ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 1.25. ಅದನ್ನು ಹಾಕಿದರೆ ಎರಡು ಮೂರು ಸುತ್ತು ಕೈಯಲ್ಲೇ ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ‘ತುಕ್ಕು ಹಿಡಿದಿದೆ’ ಎಂದುಕೊಂಡು ಬಲ ಹಾಕಿದಿರೋ, ಬ್ಲಾಕಿನ ಥ್ರೆಡ್ ಕಿತ್ತು ಬಂತು. ಕೈಯಲ್ಲಿ ಕೊನೆಯವರೆಗೆ ಸುತ್ತದ ಬೋಲ್ಟನ್ನು ಸ್ಪ್ಯಾನರ್‌ನಿಂದ ಸುತ್ತಬೇಡಿ. ಬಿಚ್ಚಿದ ಪ್ರತಿ ಬೋಲ್ಟನ್ನೂ ಯಾವ ತೂತಿನದೆಂದು ಬರೆದು ಪೊಟ್ಟಣ ಕಟ್ಟಿಡಿ. ಚಾಸಿ ಕಡೆಯ ಬೋಲ್ಟ್‌ಗಳು ಬಿಎಸ್‌ಎಫ್ ಎಂಬ ಇಂಚು ಅಳತೆಯ ಥ್ರೆಡ್‌ನವು, ಅವನ್ನು ಇವುಗಳ ಜೊತೆ ಬೆರೆಸಬೇಡಿ.

ಪ್ರಶ್ನೆ (ಮೂಡಿಗೆರೆ): ನಮ್ಮ ಘಾಟಿ ರಸ್ತೆಗಳಿಗೆ ಯಾವುದು ಒಳ್ಳೆಯದು ಸರ್? ಟಿಎಫ್ ಬಗ್ಗೆಯೂ ಒಂದು ಮಾತು ಹೇಳಿ.

ಉತ್ತರ: ಓಡಿಸುವುದಕ್ಕಾದರೆ ಟಿಡಿ. ನೋಟದಲ್ಲಿ ಟಿಸಿಗೆ ಸಾಟಿಯಿಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಕೈಮರದಿಂದ ಮುಳ್ಳಯ್ಯನಗಿರಿ ಕಡೆ ಹತ್ತುವ ತಿರುವುಗಳಲ್ಲಿ ಗುಂಡಿ ಸಿಕ್ಕಿದಾಗ ಟಿಸಿಯ ಇಡೀ ಆಕ್ಸಲ್ ಅಲುಗಿ ಸ್ಟೀರಿಂಗ್ ಕೈಯನ್ನು ಜಗ್ಗುತ್ತದೆ. ಟಿಡಿಯ ಮುಂಭಾಗ ಅದನ್ನು ನುಂಗಿಕೊಳ್ಳುತ್ತದೆ. ಬ್ರೇಕೂ ಉತ್ತಮ: ಮುಂದಿನ ಡ್ರಮ್‌ಗಳಲ್ಲಿ ಎರಡೂ ಶೂ ಸಮನಾಗಿ ಕಚ್ಚುತ್ತವೆ. ಚಾರ್ಮಾಡಿ ಇಳಿಯುವವರಿಗೆ ಇದು ಸಣ್ಣ ಸಂಗತಿಯಲ್ಲ. ಎರಡಕ್ಕೂ ಹಿಂದಿನ ಆಕ್ಸಲ್‌ನ ಗೇರ್ ಅನುಪಾತ 5.125 ಆದರೂ ಟಿಡಿಯ ಚಕ್ರ ಚಿಕ್ಕದು. ಹಾಗಾಗಿ ಏರು ಸುಲಭ, ಹೆದ್ದಾರಿಯಲ್ಲಿ ಮಾತ್ರ ಎಂಜಿನ್ ಹೆಚ್ಚು ಸುತ್ತಬೇಕು.

ಟಿಎಫ್ ಬಂದದ್ದು 1953ರಲ್ಲಿ. ಟಿಡಿಯ ಚಾಸಿಯೇ, ಹೆಡ್‌ಲೈಟ್‌ಗಳು ಮಡ್‌ಗಾರ್ಡ್‌ನೊಳಗೆ ಸೇರಿದವು, ಗೇರ್ ಅನುಪಾತ 4.875 ಆಯಿತು. ರೇಡಿಯೇಟರ್ ಮೇಲಿನ ಮುಚ್ಚಳ ಅಲಂಕಾರಕ್ಕೆ, ನೀರು ಹಾಕುವ ಬಾಯಿ ಬಾನೆಟ್ ಒಳಗಿದೆ. 1954ರಿಂದ 1466 ಸಿಸಿಯ ಎಕ್ಸ್‌ಪಿಇಜಿ ಎಂಜಿನ್ ಬಂತು, 63 ಅಶ್ವಶಕ್ತಿ. ಸಿಕ್ಕರೆ ಅದು ಒಳ್ಳೆಯ ಕಾರು.

ಪ್ರಶ್ನೆ (ಆಲ್ದೂರು, ಮತ್ತೆ): ಸರ್, ನೋಡಿ ಬಂದೆ. ತೊಲೆ ಆಕ್ಸಲ್‌ನ ಮೇಲಿಂದ ಹೋಗಿದೆ, ಮುಂದೆ ಕಾಯಿಲ್ ಸ್ಪ್ರಿಂಗ್ ಇದೆ, ಎರಡು ಮೀಟರ್‌ಗಳೂ ಚಾಲಕನ ಮುಂದಿವೆ, ಹೆಡ್‌ಲೈಟ್‌ಗಳು ಹೊರಗೆ ಬಿಡಿಯಾಗಿ ನಿಂತಿವೆ. ದೊಡ್ಡಪ್ಪನವರಿಗೆ ಸ್ವಲ್ಪ ಬೇಸರವಾಯಿತು. ಇನ್ನು ಏನು ಮಾಡಬೇಕು?

ಉತ್ತರ: ಹಾಗಾದರೆ ಟಿಡಿಯೇ. ದೊಡ್ಡಪ್ಪನವರಿಗೆ ಹೇಳಿ, ಬೇಸರ ಪಡುವ ಕಾರಲ್ಲ ಅದು. ಟಿಸಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಮಾರಾಟವಾದದ್ದು ಅದರ ಗುಣಕ್ಕಾಗಿ.

ಎಂಜಿನ್‌ಗೆ ಕೈ ಹಾಕುವ ಮೊದಲು ಮರ ನೋಡಿ. ಈ ಕಾರುಗಳ ತಗಡಿನ ಒಳಗಿರುವುದು ಆಶ್ ಮರದ ಚೌಕಟ್ಟು. ನಿಮ್ಮ ಕಡೆಯ ಮಳೆಗಾಲ, ಮಣ್ಣಿನ ನೆಲದ ಶೆಡ್, ಗೆದ್ದಲು, ಎಲ್ಲವೂ ಅದಕ್ಕೆ ಶತ್ರುಗಳೇ. ಬಾಗಿಲಿನ ಹಿಂಜು (ಕೀಲು) ಇರುವುದು ಹಿಂದಿನ ಕಂಬಕ್ಕೆ. ಬಾಗಿಲನ್ನು ಅರ್ಧ ತೆರೆದು ತುದಿಯನ್ನು ಮೆಲ್ಲನೆ ಮೇಲಕ್ಕೆತ್ತಿ. ಹಿಂಜಿನ ಪಿನ್ ಮಾತ್ರ ಅಲುಗಿದರೆ ಚಿಂತೆಯಿಲ್ಲ. ಕಂಬವೇ ಅಲುಗಿದರೆ ಬುಡ ಕೊಳೆತಿದೆ. ಚೆನ್ನಾಗಿ ಹದವಾದ ತೇಗದಲ್ಲಿ ಹೊಸದನ್ನು ಮಾಡಿಸಬಹುದು. ಹಳೆಯ ತುಂಡು ಎಷ್ಟೇ ಪುಡಿಯಾಗಿದ್ದರೂ ಎಸೆಯಬೇಡಿ, ಬಡಗಿಗೆ ಅದೇ ಅಚ್ಚು.

ಎಂಜಿನ್ನಿನ ಆಯಿಲ್ ಪಂಪ್ ಒಣಗಿರುತ್ತದೆ. ಪಂಪಿಗೆ ಎಣ್ಣೆ ತುಂಬಿಸಿ, ಪ್ಲಗ್ ಬಿಚ್ಚಿ ಕೈಯಲ್ಲಿ ತಿರುಗಿಸಿ, ಮೀಟರಿನಲ್ಲಿ ಒತ್ತಡ ಕಂಡ ಮೇಲೆಯೇ ಸ್ಟಾರ್ಟ್ ಮಾಡಿ. ಪೆಟ್ರೋಲ್ ಪೈಪುಗಳೆಲ್ಲ ಹೊಸದಾಗಲಿ, ಎಥೆನಾಲ್ ತಡೆಯುವ ರಬ್ಬರಿನದೇ ಇರಲಿ.

ಕಾಗದಪತ್ರ ಹುಡುಕಿ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹಳೆಯ ನೋಂದಣಿ ಇದ್ದರೆ ಅದೇ ಸಂಖ್ಯೆ ಉಳಿಯುತ್ತದೆ. ಇಲ್ಲದಿದ್ದರೆ ‘ವಿಎ’ ಸರಣಿ, ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ದಿನಬಳಕೆಗೆ ಓಡಿಸುವಂತಿಲ್ಲ. ಚಾಸಿ, ಬಾಡಿ, ಎಂಜಿನ್ ಮಾರ್ಪಡಿಸಿದ್ದರೆ ತೊಂದರೆ, ಆದ್ದರಿಂದ ಬೇರೆ ಎಂಜಿನ್ ಹಾಕುವ ಸಲಹೆಯನ್ನು ಯಾರು ಕೊಟ್ಟರೂ ಕೇಳಬೇಡಿ. ಕಡ್ಡಿ ಚಕ್ರಗಳನ್ನು ತೆಗೆದಿಡಿ. ಅಟ್ಟದ ಮೇಲೋ ಕಾಫಿ ಗೋದಾಮಿನಲ್ಲೋ ಮೂಲದ ಡಿಸ್ಕ್ ಚಕ್ರಗಳು ಇರಬಹುದು, ಒಮ್ಮೆ ಹುಡುಕಿ ನೋಡಿ. ಬಾಗಿಲ ಕಂಬದ ಫೋಟೊ ಕಳುಹಿಸಿ, ಮರದ ಕೆಲಸ ಎಷ್ಟಿದೆ ಎಂದು ಹೇಳುತ್ತೇನೆ.