ತಂತಿ ದಾಟುವಾಗ ಪಿಕ್ ಸಿಕ್ಕಿಕೊಳ್ಳುತ್ತೆ, ಸೋಲೋ ಪೆಂಟಾಟಾನಿಕ್ ಬಿಟ್ಟು ಆಚೆ ಹೋಗಲ್ಲ: ಅನುಭವ ಇರುವವರು ತಿಳಿಸಿ

ಕೇಳಿದ್ದು:
ಗಿಟಾರ್ ನುಡಿಸಲು ಶುರುಮಾಡಿ 12 ವರ್ಷ ಆಯ್ತು. ಒಂದೇ ತಂತಿಯ ಮೇಲೆ 150 ಬಿಪಿಎಂನಲ್ಲಿ (ನಿಮಿಷಕ್ಕೆ 150 ಬೀಟ್) ಬೀಟಿಗೆ ನಾಲ್ಕು ಸ್ವರ ಸಲೀಸಾಗಿ ಬರುತ್ತೆ. ತಂತಿಗೆ ಮೂರು ಸ್ವರದ ಸ್ಕೇಲ್ ಹಿಡಿದರೆ 115 ದಾಟುತ್ತಿದ್ದ ಹಾಗೆ ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಎಲ್ಲೋ ಸಿಕ್ಕಿಕೊಳ್ಳುತ್ತೆ. ಎರಡನೇ ತೊಂದರೆ, ಎ ಬ್ಲೂಸ್‌ನಲ್ಲಿ ಸೋಲೋ ಮಾಡುವಾಗ ಕಾರ್ಡ್ ಬದಲಾದರೂ ಬೆರಳು ಐದು ಸ್ವರದ ಸ್ಕೇಲ್ ಆದ ಅದೇ ಮೈನರ್ ಪೆಂಟಾಟಾನಿಕ್ ಬಾಕ್ಸ್‌ನಲ್ಲಿ ಸುತ್ತುತ್ತಿರುತ್ತೆ. "ನಿಧಾನವಾಗಿ ಮೆಟ್ರೋನಮ್ (ತಾಳದ ಯಂತ್ರ) ಇಟ್ಟು ಅಭ್ಯಾಸ ಮಾಡಿ" ಅನ್ನೋದನ್ನ ಬಿಟ್ಟು ಬೇರೆ ಏನಾದರೂ ಇದ್ದರೆ ಹೇಳಿ.

ಉತ್ತರ:
150ರಲ್ಲಿ ಬೀಟಿಗೆ ನಾಲ್ಕು ಅಂದರೆ ಸೆಕೆಂಡಿಗೆ 10 ಹೊಡೆತ. ಕೈಯಲ್ಲಿ ವೇಗ ಆಗಲೇ ಇದೆ. ತೊಂದರೆ ಇರೋದು ಪಿಕ್ ಯಾವ ಹೊಡೆತದ ನಂತರ ತಂತಿಗಳ ಸಾಲಿನಿಂದ ಹೊರಗೆ ಬರುತ್ತೆ ಅನ್ನೋದರಲ್ಲಿ.

ಮೊದಲು ಇದನ್ನ ಪರೀಕ್ಷಿಸಿ. ಎರಡನೇ ತಂತಿಯ ಮೇಲೆ (ಅತಿ ತೆಳುವಾದದ್ದು ಮೊದಲನೇದು) ಐದು ಸೆಕೆಂಡ್ ಟ್ರೆಮೊಲೊ, ಅಂದರೆ ಒಂದೇ ಸ್ವರವನ್ನ ಬಿಡದೆ ಮೇಲೆ-ಕೆಳಗೆ, ಹೊಡೆಯಿರಿ, ಯೋಚನೆ ಮಾಡದೆ, ಕೈಗೆ ಹಗುರವಾಗಿ ಬರುವ ವೇಗದಲ್ಲಿ. ಫೋನನ್ನು ತಂತಿಗಳ ಉದ್ದಕ್ಕೆ ನೋಡುವಂತೆ ಇಟ್ಟು ಸ್ಲೋ ಮೋಷನ್‌ನಲ್ಲಿ ಚಿತ್ರೀಕರಿಸಿ. ಅಪ್‌ಸ್ಟ್ರೋಕ್ ಮುಗಿದಾಗ ಪಿಕ್ ತುದಿ ತಂತಿಗಳಿಂದ ಮೇಲೆದ್ದು ಗಾಳಿಯಲ್ಲಿದ್ದು, ಡೌನ್‌ಸ್ಟ್ರೋಕ್ ಮುಗಿದಾಗ ಎರಡು ತಂತಿಗಳ ನಡುವೆ ಹೂತುಹೋಗಿದ್ದರೆ, ನಿಮ್ಮ ಕೈ ಅಪ್‌ಸ್ಟ್ರೋಕ್‌ನಲ್ಲಿ ಬಿಡಿಸಿಕೊಳ್ಳುವ ಕೈ. ಇಂಥ ಕೈಯಲ್ಲಿ ಪಿಕ್ ಹಿಡಿದಿರುವ ಬದಿ ನೆಲದ ಕಡೆ ಸ್ವಲ್ಪ ವಾಲಿರುತ್ತೆ. ಕೆಲವರದ್ದು ಇದಕ್ಕೆ ತದ್ವಿರುದ್ಧ, ಡೌನ್‌ಸ್ಟ್ರೋಕ್‌ನಲ್ಲಿ ಬಿಡಿಸಿಕೊಳ್ಳುತ್ತೆ. ಎರಡರಲ್ಲಿ ಯಾವುದೂ ತಪ್ಪಲ್ಲ.

ಈಗ ಲೆಕ್ಕ ನೋಡಿ. ತಂತಿಗೆ ಮೂರು ಸ್ವರ, ಡೌನ್‌ನಿಂದ ಶುರು: ಡೌನ್, ಅಪ್, ಡೌನ್. ಕೊನೆಯ ಹೊಡೆತಕ್ಕೆ ಪಿಕ್ ಹೂತಿರುತ್ತೆ, ಅಲ್ಲಿಂದಲೇ ಪಕ್ಕದ ತಂತಿಗೆ ಹೋಗಬೇಕು. ನಿಧಾನವಾಗಿ ನುಡಿಸುವಾಗ ಮಣಿಕಟ್ಟು ಸದ್ದಿಲ್ಲದೆ ಪಿಕ್ಕನ್ನ ಎತ್ತಿ ದಾಟಿಸಿಬಿಡುತ್ತೆ, ಅದು ನಿಮ್ಮ ಗಮನಕ್ಕೂ ಬರಲ್ಲ. 115ರಲ್ಲಿ ಎತ್ತುವುದಕ್ಕೆ ಸಮಯ ಉಳಿಯಲ್ಲ. ಅದಕ್ಕೇ 60ರಿಂದ ಐದೈದು ಬಿಪಿಎಂ ಏರಿಸುತ್ತಾ ಹೋದರೂ ಅದೇ ಜಾಗದಲ್ಲಿ ನಿಲ್ಲುತ್ತೀರಿ. ನಿಧಾನದಲ್ಲಿ ರೂಢಿಯಾಗೋದು ಒಂದು ಚಲನೆ, ವೇಗಕ್ಕೆ ಬೇಕಾಗೋದು ಇನ್ನೊಂದು.

ಏರುವಾಗ ಪರಿಹಾರ ಸುಲಭ. ಮೂರನೇ ತಂತಿಯ 4-5-7ನೇ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಮನೆ) ಡೌನ್, ಅಪ್, ಡೌನ್. ಆ ಕೊನೆಯ ಡೌನ್ ನಿಲ್ಲದೆ ಜಾರಿ ಎರಡನೇ ತಂತಿಯ 5ನೇ ಫ್ರೆಟ್ಟನ್ನೂ ಡೌನ್‌ನಲ್ಲೇ ಹೊಡೆಯಲಿ. ಎರಡು ಬೇರೆ ಬೇರೆ ಡೌನ್‌ಸ್ಟ್ರೋಕ್ ಅಲ್ಲ, ಒಂದೇ ತಳ್ಳು. ಇಲ್ಲಿ ಎಲ್ಲರೂ ಮಾಡುವ ತಪ್ಪು, ಜಾರುವ ಆತುರದಲ್ಲಿ ಎರಡನೇ ಸ್ವರ ಲಯಕ್ಕಿಂತ ಮುಂಚೆ ಬಿದ್ದುಬಿಡುತ್ತೆ. ಏಳನೇ ಫ್ರೆಟ್ ಹೊಡೆದ ಮೇಲೆ ಪಿಕ್ ಎರಡನೇ ತಂತಿಗೆ ಒರಗಿ, ಒಂದು ಕ್ಷಣ ಕಾದು, ಆಮೇಲೆ ತಳ್ಳಲಿ. ಬೀಟಿಗೆ ಮೂರು ಸ್ವರದಂತೆ 80ರಲ್ಲಿ ಮಾಡಿದರೆ ಆ ಒರಗುವಿಕೆ ಕೈಗೆ ಗೊತ್ತಾಗುತ್ತೆ.

ಕೇಳಿದವರು:
ವಿಡಿಯೊ ನೋಡಿದೆ. ಅಪ್‌ಸ್ಟ್ರೋಕ್‌ನಲ್ಲೇ ಹೊರಗೆ ಬರ್ತಿದೆ. ಏರೋದು ಅರ್ಥ ಆಯ್ತು. ಇಳಿಯುವಾಗ ಮುಂದೆ ಹೊಡೆಯಬೇಕಾದ ತಂತಿ ಮೇಲ್ಗಡೆ ಇರುತ್ತೆ, ಡೌನ್ ಜಾರಿಸಿದರೆ ತಪ್ಪು ದಿಕ್ಕಿಗೆ ಹೋಗುತ್ತಲ್ಲ?

ಉತ್ತರ:
ಹೌದು, ಇಳಿಯುವಾಗ ಜಾರಿಸಲು ಬರಲ್ಲ. ಅಲ್ಲಿ ಮೂರನೇ ಸ್ವರವನ್ನ ಎಡಗೈಗೆ ಬಿಟ್ಟುಬಿಡಿ. ಮೊದಲ ತಂತಿ 8 ಡೌನ್, 7 ಅಪ್, 5 ಪುಲ್-ಆಫ್ (ಪಿಕ್ ಇಲ್ಲದೆ, ಒತ್ತಿದ ಬೆರಳನ್ನ ತಂತಿಯಿಂದ ಸೆಳೆದು ಬರಿಸುವ ಸ್ವರ). ಎರಡನೇ ತಂತಿ 8 ಡೌನ್, 6 ಅಪ್, 5 ಪುಲ್-ಆಫ್. ಮೂರನೇದು 7 ಡೌನ್, 5 ಅಪ್, 4 ಪುಲ್-ಆಫ್. ಪ್ರತಿ ತಂತಿಯಲ್ಲೂ ಪಿಕ್‌ನ ಕೊನೆ ಹೊಡೆತ ಅಪ್ ಆದ್ದರಿಂದ ಅದು ಹೊರಗೇ ಇರುತ್ತೆ, ಎಡಗೈ ಪುಲ್-ಆಫ್ ಮಾಡುವಷ್ಟರಲ್ಲಿ ದಾಟಿಬಿಡಬಹುದು. ಪುಲ್-ಆಫ್ ಸ್ವರ ಸಣ್ಣದಾಗಿ ಕೇಳಿಸಿದರೆ ಎಡಗೈಯಿಂದ ಜೋರಾಗಿ ಎಳೆಯಬೇಡಿ, ಶ್ರುತಿ ಏರಿಬಿಡುತ್ತೆ. ಬದಲಿಗೆ ಪಿಕ್ ಹೊಡೆತದ ಬಲ ಇಳಿಸಿ. ಇದನ್ನ ಕ್ಲೀನ್ ಟೋನ್‌ನಲ್ಲೇ ಪರೀಕ್ಷಿಸಿ. ಡಿಸ್ಟಾರ್ಶನ್ ಈ ವ್ಯತ್ಯಾಸವನ್ನೆಲ್ಲ ಮುಚ್ಚಿಹಾಕುತ್ತೆ.

ಮತ್ತೊಬ್ಬರು:
ಮೇಲಿನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸ್ತೀನಿ.

ಪಿಕ್ ಎಷ್ಟು ಹೊರಗಿದೆ ನೋಡಿಕೊಳ್ಳಿ. ಬೆರಳಿಂದಾಚೆ 3-4 ಮಿಲಿಮೀಟರ್ ಸಾಕು, ಅದಕ್ಕಿಂತ ಹೆಚ್ಚಿದ್ದಷ್ಟೂ ಆಳಕ್ಕೆ ಇಳಿದು ಸಿಕ್ಕಿಕೊಳ್ಳುತ್ತೆ. ದಪ್ಪ 1ರಿಂದ 1.5 ಮಿಮೀ ಒಳಗಿರಲಿ. ತೆಳು ಪಿಕ್ ಬಾಗಿ ಹಿಂದಕ್ಕೆ ಬರುವಷ್ಟರಲ್ಲಿ ಮುಂದಿನ ಸ್ವರ ತಡ. ಪಿಕ್‌ನ ಅಂಚು ತಂತಿಗೆ ಸ್ವಲ್ಪ ಓರೆಯಾಗಿ ತಾಕಿದರೆ ತಡೆ ಕಮ್ಮಿ, ಆದರೆ ಓರೆ ಹೆಚ್ಚಾದರೆ ದಪ್ಪ ತಂತಿಗಳಲ್ಲಿ ಕರಕರ ಸದ್ದು ಬರುತ್ತೆ.

ಎರಡನೇದು ಎರಡೂ ಕೈಗಳ ಹೊಂದಾಣಿಕೆ. ಎಷ್ಟೋ ಸಲ ಬಲಗೈ ಸರಿಯಿದ್ದು ಎಡಗೈ ಹಿಂದೆ ಬಿದ್ದಿರುತ್ತೆ. ಎರಡನೇ ತಂತಿಯಲ್ಲಿ 5-6-8-6 ಸುತ್ತಿಸಿ. ಪ್ರತಿ ಸುತ್ತಿಗೆ ನಾಲ್ಕು ಹೊಡೆತ ಆದ್ದರಿಂದ ತೋರುಬೆರಳು, ಡೌನ್‌ಸ್ಟ್ರೋಕ್, ಮೆಟ್ರೋನಮ್ ಮೂರೂ ಪ್ರತಿ ಸಲ ಒಟ್ಟಿಗೇ ಬೀಳಬೇಕು. ಅದೊಂದು ಸ್ವರಕ್ಕೆ ಮಾತ್ರ ಒತ್ತು ಕೊಡಿ, ಮಿಕ್ಕ ಮೂರನ್ನ ಎಣಿಸಬೇಡಿ. ಆಮೇಲೆ 150ರಲ್ಲಿ ಒಂದು ಬೀಟ್ ನುಡಿಸಿ, ಮುಂದಿನ ಬೀಟಿನ ಮೊದಲ ಸ್ವರ ಪಕ್ಕದ ತಂತಿಯಲ್ಲಿ ಹೊಡೆದು ನಿಲ್ಲಿಸಿ. ಒಟ್ಟು ಐದೇ ಸ್ವರ. ಕೈ ಪೂರ್ತಿ ಸಡಿಲ ಆಗುವ ತನಕ ಬಿಟ್ಟು ಮತ್ತೆ ಮಾಡಿ. ಅದು ಹತ್ತು ಸಲದಲ್ಲಿ ಎಂಟು ಸಲ ಶುದ್ಧವಾಗಿ ಬಂದಮೇಲೆ ಒಂಬತ್ತು ಸ್ವರಕ್ಕೆ ಹೋಗಿ. ಮೊಣಕೈ ಬಿಗಿದು ಇಡೀ ಮುಂಗೈ ನಡುಗುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ನೋವು ಬಂದರಂತೂ ಆ ದಿನಕ್ಕೆ ಸಾಕು.

ಇನ್ನೊಬ್ಬರು:
ಇಂಪ್ರೊವೈಸೇಶನ್ (ಆ ಕ್ಷಣಕ್ಕೆ ಹೊಳೆದದ್ದನ್ನ ನುಡಿಸೋದು) ಬಗ್ಗೆ ಯಾರೂ ಹೇಳಿಲ್ಲ. ನಿಮ್ಮ ಬಾಕ್ಸ್ ಯಾಕೆ ಕಾರ್ಡ್ ಬದಲಾವಣೆ ಹೇಳಲ್ಲ ಅಂದರೆ, ಎ ಮೈನರ್ ಪೆಂಟಾಟಾನಿಕ್‌ನಲ್ಲಿರೋದು ಎ, ಸಿ, ಡಿ, ಇ, ಜಿ. ಎ ಬ್ಲೂಸ್‌ನ ಕಾರ್ಡ್‌ಗಳು ಎ7, ಡಿ7, ಇ7. ಎ7ರ ಮೂರನೇ ಸ್ವರ ಸಿ ಶಾರ್ಪ್ ಆ ಸ್ಕೇಲ್‌ನಲ್ಲಿ ಇಲ್ಲ. ಡಿ7ರ ಮೂರನೇ ಸ್ವರ ಎಫ್ ಶಾರ್ಪ್ ಕೂಡ ಇಲ್ಲ. ಕಾರ್ಡ್‌ಗೆ ಮುಖ ಕೊಡುವ ಸ್ವರಗಳೇ ಬಿಟ್ಟುಹೋಗಿವೆ.

ಹೊಸ ಸ್ಕೇಲ್ ಕಲಿಯೋದು ಬೇಡ. ಪ್ರತಿ ಕಾರ್ಡ್‌ನ ಮೂರನೇ ಮತ್ತು ಏಳನೇ ಸ್ವರ ಹಿಡಿಯಿರಿ, ಎಲ್ಲಾ ನಿಮ್ಮ ಬಾಕ್ಸ್ ಪಕ್ಕದಲ್ಲೇ ಇವೆ:
ಎ7: ಮೂರನೇ ತಂತಿ 6 (ಸಿ ಶಾರ್ಪ್), ಎರಡನೇ ತಂತಿ 8 (ಜಿ)
ಡಿ7: ಮೂರನೇ ತಂತಿ 5 (ಸಿ), ಎರಡನೇ ತಂತಿ 7 (ಎಫ್ ಶಾರ್ಪ್)
ಇ7: ಮೂರನೇ ತಂತಿ 7 (ಡಿ), ಎರಡನೇ ತಂತಿ 9 (ಜಿ ಶಾರ್ಪ್)

ಎ7ನಿಂದ ಡಿ7ಗೆ ಹೋಗುವಾಗ ಎರಡೂ ಸ್ವರ ಒಂದೊಂದೇ ಫ್ರೆಟ್ ಕೆಳಗಿಳಿಯುತ್ತವೆ. ಮೊದಲ ವಾರ 12 ಬಾರ್ (ನಾಲ್ಕು ಬೀಟಿಗೆ ಒಂದು ಬಾರ್, ಬ್ಲೂಸ್‌ನ ಒಂದು ಸುತ್ತು) ಪೂರ್ತಿ ಇವೆರಡೇ ಸ್ವರ, ಬೇರೇನೂ ಬೇಡ. ಬ್ಯಾಕಿಂಗ್ ಟ್ರ್ಯಾಕ್ ನಿಲ್ಲಿಸಿದರೂ ಕಾರ್ಡ್ ಎಲ್ಲಿದೆ ಅಂತ ನಿಮ್ಮ ಎರಡು ಸ್ವರದಿಂದಲೇ ಕೇಳಿಸಬೇಕು.

ಆಮೇಲೆ ಐದನೇ ಬಾರ್ ಒಂದನ್ನೇ ಗುರಿ ಇಟ್ಟುಕೊಳ್ಳಿ. ಅಲ್ಲಿ ಡಿ7 ಬರುತ್ತೆ. ನಾಲ್ಕನೇ ಬಾರ್‌ವರೆಗೆ ಪೆಂಟಾಟಾನಿಕ್‌ನಲ್ಲಿ ಏನು ಬೇಕಾದರೂ ನುಡಿಸಿ, ಐದರ ಮೊದಲ ಬೀಟಿಗೆ ಎರಡನೇ ತಂತಿಯ 7ನೇ ಫ್ರೆಟ್ ಮೇಲೆ ಇಳಿಯಲೇಬೇಕು. ಅದು ತಪ್ಪದೆ ಬಂದಮೇಲೆ ಸುತ್ತುವರಿದು ಇಳಿಯಿರಿ: ನಾಲ್ಕನೇ ಬಾರ್‌ನ ಕೊನೆ ಬೀಟಿನಲ್ಲಿ 8, 6, ಮುಂದಿನ ಬಾರಿಗೆ 7. ಆರನೇ ಫ್ರೆಟ್‌ನ ಎಫ್ ಡಿ7ರಲ್ಲೂ ಇಲ್ಲ, ಎ7ರಲ್ಲೂ ಇಲ್ಲ. ಆದರೂ ಕಿವಿಗೆ ತಪ್ಪು ಅನ್ನಿಸಲ್ಲ, ಯಾಕಂದರೆ ಅದು ಬಲವಿಲ್ಲದ ಜಾಗದಲ್ಲಿ ಬಿದ್ದು ಬಲವಾದ ಬೀಟಿಗೆ ಮನೆ ಸೇರುತ್ತೆ. ಅದೇ ಎಫ್ ಮೊದಲ ಬೀಟಿಗೆ ಬಿದ್ದು ಅಲ್ಲೇ ಕೂತರೆ ಚುಚ್ಚುತ್ತೆ.

ಒಬ್ಬರು:
ಸ್ವರದ ಮಾತಾಯ್ತು, ಲಯ ಮರೀಬೇಡಿ. ಬೆರಳ ವೇಗ ಇರುವವರ ಸೋಲೋ ಸಪ್ಪೆಯಾಗೋದು ಬಹಳ ಸಲ ಉಸಿರಿಲ್ಲದೆ. ಎರಡು ಬಾರ್ ನುಡಿಸಿ, ಎರಡು ಬಾರ್ ಪೂರ್ತಿ ಸುಮ್ಮನಿರಿ. ಯಾವ ವಾಕ್ಯವನ್ನೂ ಮೊದಲ ಬೀಟಿನಿಂದ ಶುರು ಮಾಡಬೇಡಿ. ಒಂದೂವರೆ ಬೀಟ್ ಬಿಟ್ಟು ಎತ್ತಿಕೊಳ್ಳಿ. ಮೂರೇ ಸ್ವರದ ತುಣುಕು ತಗೊಂಡು ಸ್ವರ ಬದಲಿಸದೆ ಬರೀ ಲಯ ಬದಲಿಸುತ್ತಾ 12 ಬಾರ್ ಮುಗಿಸಿ. ನುಡಿಸುವ ಮುಂಚೆ ಬಾಯಲ್ಲಿ ಹಾಡಿ. ಹಾಡಲು ಬರದ ವಾಕ್ಯ ಅಂದರೆ ಅದು ಬೆರಳಿನ ಅಭ್ಯಾಸವೇ ತಾನಾಗಿ ಹೊರಡಿಸಿದ್ದು.

ಮೆಟ್ರೋನಮ್ಮನ್ನ ಎರಡು ಮತ್ತು ನಾಲ್ಕನೇ ಬೀಟಿಗೆ ಮಾತ್ರ ಹೊಡೆಯುವಂತೆ ಇಟ್ಟುಕೊಳ್ಳಿ. 120ಕ್ಕೆ ನುಡಿಸಬೇಕಾದರೆ 60ಕ್ಕೆ ಇಟ್ಟು, ಬೀಳುವ ಹೊಡೆತವನ್ನ "ಎರಡು" ಅಂತ ಎಣಿಸಿ ಶುರು ಮಾಡೋದು. ಮೊದಲು ಎರಡು ನಿಮಿಷ ಒಂದೇ ಸ್ವರದಲ್ಲಿ ನಿಲ್ಲಿ, ಎಣಿಕೆ ತಲೆಕೆಳಗಾಗೋದು ನಿಂತಮೇಲೆ ಸೋಲೋಗೆ ಹೋಗಿ. ಕೊನೆಯಲ್ಲಿ ಒಂದು ಸುತ್ತು ರೆಕಾರ್ಡ್ ಮಾಡಿ, ಆದರೆ ಕೇಳೋದು ಮಾರನೇ ದಿನ, ಗಿಟಾರ್ ಕೈಯಲ್ಲಿ ಇಲ್ಲದಾಗ.