ಪ್ಯಾಲಿಯೇಟಿವ್ ಕೇರ್‌ಗೆ ‘ಬಾಣಂತನ’ದಂಥ ಪದ ಇದೆಯೇ?

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯ ಒಂದು ವೃದ್ಧಾಶ್ರಮಕ್ಕೆ ಆಗಾಗ ಹೋಗುತ್ತಿರುತ್ತೇನೆ. ಅಲ್ಲಿನ ಆಯಾಗಳಿಗಾಗಿ ಪ್ಯಾಲಿಯೇಟಿವ್ ಕೇರ್, ಅಂದರೆ ದೊಡ್ಡ ಕಾಯಿಲೆಯವರ ನೋವು, ಸಂಕಟ ಇಳಿಸುವ ಆರೈಕೆಯ ಬಗ್ಗೆ ಎರಡು ಪುಟ ಬರೆಯುತ್ತಿದ್ದೇನೆ. ತಲೆಬರಹದಲ್ಲೇ ನಿಂತುಬಿಟ್ಟಿದ್ದೇನೆ.

‘ಉಪಶಾಮಕ ಆರೈಕೆ’ ಅಂತ ಬರೆದು ಓದಿ ಹೇಳಿದೆ. ಒಬ್ಬ ಆಯಾ, “ಹಂಗಂದ್ರೆ ಕಾಯಿಲೆ ಕಮ್ಮಿ ಆಗ್ತತಾ?” ಅಂದರು. ಅವರದು ತಪ್ಪಲ್ಲ. ಶಮನ ಅಂದರೆ ಕಾಯಿಲೆ ಇಳಿಯುವುದು ಅಂತಲೇ ನಮ್ಮ ಕಿವಿಗೆ ಕೇಳುತ್ತದೆ. ಇಲ್ಲಿ ಇಳಿಯಬೇಕಾದ್ದು ನೋವು, ಉಸಿರಾಟದ ಕಷ್ಟ, ಭಯ. ಅಮರಕೋಶದಲ್ಲಿ ಶಮನ ಅನ್ನುವುದು ಯಮನ ಹೆಸರೂ ಹೌದು. ಹಾಸಿಗೆ ಹಿಡಿದವರ ಹತ್ತಿರ ಆ ಪದ ಆಡಲು ನನಗಂತೂ ಮನಸ್ಸಿಲ್ಲ.

ಇಂಗ್ಲಿಷ್ ಪದದ ಬೇರು ಲ್ಯಾಟಿನ್‌ನ ‘ಪಾಲಿಯಂ’, ಅಂದರೆ ಮೈಮೇಲೆ ಹೊದೆಯುವ ಬಟ್ಟೆ. ನಮ್ಮ ಚಳ್ಳಕೆರೆ ಕಂಬಳಿ ನೆನಪಾಗುತ್ತದೆ, ಅಲ್ವಾ? ಪ್ಯಾಲಿಯೇಟಿವ್ ಕೇರ್ ಎಂಬ ಹೆಸರನ್ನು 1970ರ ದಶಕದಲ್ಲಿ ತಂದವರು ಕೆನಡಾದ ಮಾಂಟ್ರಿಯಲ್‌ನ ಡಾಕ್ಟರ್ ಬಾಲ್ಫರ್ ಮೌಂಟ್. ಕಡೆಗಾಲದವರನ್ನು ನೋಡಿಕೊಳ್ಳುವ ಜಾಗಕ್ಕೆ ಇಂಗ್ಲಿಷಿನಲ್ಲಿ ‘ಹಾಸ್ಪಿಸ್’ ಅಂತಾರೆ. ಆದರೆ ಮಾಂಟ್ರಿಯಲ್‌ನ ಫ್ರೆಂಚ್ ಮಾತಾಡುವವರಿಗೆ ಆ ಪದ ಕೇಳಿದರೆ ಗತಿಯಿಲ್ಲದವರನ್ನು ಬಿಡುವ ಜಾಗ ಅನ್ನಿಸುತ್ತಿತ್ತು. ಅದಕ್ಕೇ ಬೇರೆ ಹೆಸರು ಬೇಕಾಯಿತು.

‘ಕಡೆಗಾಲದ ಆರೈಕೆ’ ಎಲ್ಲರಿಗೂ ತಿಳಿಯುತ್ತದೆ. ಆದರೆ ಅದು ಇದರ ಒಂದು ಭಾಗ ಮಾತ್ರ. ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿರುವಾಗಲೂ ಪ್ಯಾಲಿಯೇಟಿವ್ ಕೇರ್ ಕೊಡುತ್ತಾರೆ. ಅವರಿಗೆ ಹೋಗಿ ಕಡೆಗಾಲ ಅಂದರೆ ಎದೆ ಒಡೆಯುತ್ತದೆ.

ಹೋದ ತಿಂಗಳು ಅಲ್ಲೊಬ್ಬ ಅಜ್ಜಿಗೆ ನುಂಗಲು ಆಗುತ್ತಿರಲಿಲ್ಲ. ಆಯಾ ಹತ್ತಿಯನ್ನು ನೀರಲ್ಲಿ ಅದ್ದಿ, ಹಿಂಡಿ, ತುಟಿ ಒರೆಸುತ್ತಿದ್ದರು. ಬೆನ್ನು ಹುಣ್ಣಾಗದ ಹಾಗೆ ಆಗಾಗ ಮಗ್ಗುಲು ಬದಲಿಸುತ್ತಿದ್ದರು. ಒಮ್ಮೆ ಮಗ್ಗುಲು ತಿರುಗಿಸಿದವರು ಅಜ್ಜಿಯ ಕೈ ಹಿಡಿದುಕೊಂಡು ಸುಮ್ನೆ ಕೂತರು. “ಏನು ಮಾಡ್ತಿದೀರಮ್ಮಾ?” ಅಂದೆ. “ನೋಡ್ಕೊಳ್ತಿದೀನಿ” ಅಂದರು.

ಬಾಣಂತನ ಅಂದರೆ ಎಣ್ಣೆ, ನೀರು, ಪಥ್ಯ, ಬೆಚ್ಚನೆ ಕೋಣೆ, ಪಕ್ಕದಲ್ಲೊಬ್ಬರು, ಎಲ್ಲಾ ಬಂತು. “ಬಾಣಂತನ ಮಾಡಿದಳು” ಅಂದರೆ ವಿವರಿಸಬೇಕಾಗಿಲ್ಲ. ಹೋಗುವವರ ಮಗ್ಗುಲಲ್ಲಿದ್ದು ಮಾಡುವ ಇಷ್ಟೇ ದೊಡ್ಡ ಕೆಲಸಕ್ಕೆ ಹಾಗೊಂದು ಪದ ನನಗೆ ಸಿಕ್ಕಿಲ್ಲ. ‘ಜೋಪಾನ’ ಹತ್ತಿರ ಬರುತ್ತದೆ, ಆದರೆ ಅದನ್ನು ಒಡವೆಗೂ ಹೇಳುತ್ತೇವೆ.

ಜಗಳೂರು, ಹರಿಹರ, ಹೊಸದುರ್ಗ, ಹಿರಿಯೂರು ಕಡೆಯವರು ದಯವಿಟ್ಟು ಮನೆಯ ಹಿರಿಯರನ್ನು ಕೇಳಿ. ಹಾಸಿಗೆ ಹಿಡಿದ ಅತ್ತೆಯನ್ನೋ ಅಪ್ಪನನ್ನೋ ಕೊನೆವರೆಗೂ ನೋಡಿಕೊಂಡವರ ಬಗ್ಗೆ ನಿಮ್ಮಲ್ಲಿ ಏನಂತಾರೆ? “ಅವಳು ... ಮಾಡಿದಳು” ಅನ್ನುವಾಗ ಆ ಖಾಲಿ ಜಾಗದಲ್ಲಿ ಯಾವ ಪದ ಬರುತ್ತದೆ?