ಹತ್ತು ಸಾವಿರದೊಳಗೆ ವಿಡಿಯೊ ಲೆನ್ಸ್: ಐವತ್ತೋ, ಇಪ್ಪತ್ತನಾಲ್ಕೋ?

ಕೇಳಿದವರು, ಶಿರಸಿ ಹತ್ತಿರದ ಹಳ್ಳಿಯಿಂದ

ಹಳೆಯ ಕ್ಯಾನನ್ 700ಡಿ ಕೊಂಡಿದ್ದೇನೆ. ಅದರೊಂದಿಗೆ 18–55 ಎಸ್‌ಟಿಎಂ (ಸದ್ದಿಲ್ಲದೆ ಫೋಕಸ್ ಮಾಡುವ ಮೋಟರಿನ) ಜೂಮ್ ಲೆನ್ಸ್ ಬಂದಿದೆ. ಅಜ್ಜಿ ತೊಡದೇವು (ಕಾಗದದಷ್ಟು ತೆಳುವಾದ ಸಿಹಿತಿಂಡಿ) ಮಾಡುವುದನ್ನು ಚಿತ್ರೀಕರಿಸಬೇಕು, ಮಳೆಗಾಲ ಮುಗಿದ ಮೇಲೆ ಒಂದೆರಡು ಯಕ್ಷಗಾನವನ್ನೂ. ಅಡುಗೆಮನೆಗೆ ಇರುವುದು ಒಂದೇ ಕಿಟಕಿ, ಸಂಜೆಯಾದರೆ ಚಿತ್ರದ ತುಂಬ ಕಾಳು ಕಾಳು. ಕೈಯಲ್ಲಿರುವುದು ಹತ್ತು ಸಾವಿರ. ಎಲ್ಲರೂ 50 ಎಂಎಂ ಎಫ್/1.8 ತೆಗೆದುಕೋ ಎನ್ನುತ್ತಾರೆ. ಬಳಸಿದವರು ಹೇಳಿ.

ಹೊನ್ನಾವರದಿಂದ

ಇಡಗುಂಜಿ ಯಕ್ಷಗಾನ ಮೇಳ ಹುಟ್ಟಿದ ಗುಣವಂತೆಯ ಪಕ್ಕದವನು ನಾನು. ಯಕ್ಷಗಾನದ ಆಟ ಬಿಟ್ಟು ಬೇರೇನನ್ನೂ ಹೆಚ್ಚು ಚಿತ್ರೀಕರಿಸಿದವನಲ್ಲ, ಹಾಗಾಗಿ ಆಟದ ಮಟ್ಟಿಗೆ ಹೇಳುತ್ತೇನೆ: 50 ತೆಗೆದುಕೊಳ್ಳಿ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ (ಅಪರ್ಚರ್) ದೊಡ್ಡದು. ನಿಮ್ಮ ಲೆನ್ಸ್ 55ಕ್ಕೆ ಹೋದಾಗ ಎಫ್/5.6ಕ್ಕೆ ನಿಲ್ಲುತ್ತದೆ. ಎಫ್/1.8 ಅದಕ್ಕಿಂತ ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. 6400 ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ, ಹೆಚ್ಚಿಸಿದಷ್ಟೂ ಕಾಳು) ಬೇಕಾದ ಕಡೆ 640 ಸಾಕು. ಇಪ್ಪತ್ತು ಅಡಿ ದೂರದಲ್ಲಿ ಕುಳಿತರೆ ಒಂಬತ್ತು ಅಡಿ ಅಗಲ ಚೌಕಟ್ಟಿಗೆ ಸಿಗುತ್ತದೆ. ಒಬ್ಬ ವೇಷಧಾರಿಯ ಕುಣಿತಕ್ಕೆ ಅಷ್ಟು ಸಾಕು, ಇಬ್ಬರ ಯುದ್ಧಕ್ಕೆ ಸಾಲದು. ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಬಣ್ಣ ಹಚ್ಚಿಕೊಳ್ಳುವ ಮುಖಕ್ಕಂತೂ ಈ ಲೆನ್ಸೇ ಸರಿ. ಆದರೆ ಅಲ್ಲಿ 1.8ರಲ್ಲಿ ತೆಗೆಯಬೇಡಿ. ಒಂದು ಮೀಟರ್ ದೂರದಿಂದ ಕಣ್ಣಿಗೆ ಫೋಕಸ್ ಇಟ್ಟರೆ ಮೂಗಿನ ತುದಿ ಮಂಜಾಗುತ್ತದೆ, ಅವರು ಕನ್ನಡಿಯತ್ತ ಎರಡಂಗುಲ ಬಾಗಿದರೆ ಕಣ್ಣೂ ಹೋಯಿತು. ಕಿಂಡಿಯನ್ನು 2.8ಕ್ಕೆ ಕಿರಿದು ಮಾಡಿ.

ಕುಮಟಾದಿಂದ

ಆಟಕ್ಕೆ ಮೇಲಿನವರ ಮಾತು ಸರಿ. ಅಡುಗೆಮನೆಗೆ ಅಲ್ಲ ಮಾರಾಯರೇ! ಈ ತಪ್ಪನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ. 700ಡಿಯ ಸೆನ್ಸರ್ ಚಿಕ್ಕದು, ಅದರಲ್ಲಿ 50 ಎಂಎಂ ನೋಡುವುದು 80ರಷ್ಟು ಇಕ್ಕಟ್ಟಾಗಿ. ಎಂಟು ಅಡಿ ದೂರ ನಿಂತರೆ ಕಾಣುವುದು ಮೂರೂವರೆ ಅಡಿ ಅಗಲ. ಅತ್ತೆ ಒಲೆಯ ಮುಂದೆ ಕುಳಿತಿದ್ದಾರೆ, ಪಕ್ಕದಲ್ಲಿ ಹಿಟ್ಟಿನ ಪಾತ್ರೆ. ಎರಡೂ ಒಟ್ಟಿಗೆ ಬರಲಿ ಎಂದು ಹಿಂದೆ ಹಿಂದೆ ಸರಿದು ಕೊನೆಗೆ ಬಚ್ಚಲುಮನೆಯ ಹೊಸ್ತಿಲ ಮೇಲೆ ಟ್ರೈಪಾಡ್ ಇಟ್ಟಿದ್ದೆ.

ಆಮೇಲೆ ಕೊಂಡದ್ದು 24 ಎಂಎಂ ಎಫ್/2.8 ಎಸ್‌ಟಿಎಂ, ಬಳಸಿದ್ದು. ಚಪಾತಿ ಉಂಡೆಯಷ್ಟು ದಪ್ಪ. ಅದೇ ಎಂಟು ಅಡಿಯಿಂದ ಏಳೂವರೆ ಅಡಿ ಅಗಲ ಸಿಗುತ್ತದೆ. ಇನ್ನೊಂದು ಗುಣ ಅದರದ್ದು: 16 ಸೆಂಟಿಮೀಟರ್‌ವರೆಗೆ ಹತ್ತಿರ ಹೋಗಬಹುದು, 50ರ ಮಿತಿ 35. ಬೋರಲು ಹಾಕಿದ ಕಾದ ಮಡಕೆಯ ಮೇಲೆ ಬಟ್ಟೆಯಿಂದ ಹಿಟ್ಟು ಬಳಿದು, ಕಾಗದದಂತೆ ಎದ್ದ ಅಂಚನ್ನು ಬೆರಳಲ್ಲಿ ಬಿಡಿಸುತ್ತಾರಲ್ಲ, ಆ ಅಂಚೇ ಪರದೆ ತುಂಬುತ್ತದೆ. ಆವಿ ಲೆನ್ಸಿಗೆ ಬಡಿಯುತ್ತದೆ, ಒರೆಸಲು ಬಟ್ಟೆ ಇಟ್ಟುಕೊಳ್ಳಿ.

ಬೆಳಕು 1.8ರಷ್ಟು ಬರುವುದಿಲ್ಲ, ನಿಜ. ಒಂದು ಒಳ್ಳೆಯ ಎಲ್‌ಇಡಿ ಬಲ್ಬನ್ನು ಬಿಳಿ ಗೋಡೆಗೆ ತಿರುಗಿಸಿ ಹಾಕಿದರೆ ಆ ಕೊರತೆ ತೀರುತ್ತದೆ. ಟ್ಯೂಬ್‌ಲೈಟ್ ಇದ್ದರೆ ಕ್ಯಾಮೆರಾವನ್ನು ಪಾಲ್‌ಗೆ (ನಮ್ಮ ಕಡೆಯ ವಿಡಿಯೊ ಪದ್ಧತಿ) ಬದಲಿಸಿ 25 ಫ್ರೇಮ್, ಶಟರ್ 1/50 ಇಡಿ. ನಮ್ಮ ವಿದ್ಯುತ್ತು 50 ಹರ್ಟ್ಸ್, 1/60ರಲ್ಲಿ ಚಿತ್ರ ಮಿಣಮಿಣ ಎನ್ನುತ್ತದೆ.

ಕಾರವಾರದಿಂದ

ನನ್ನದು ನಿಕಾನ್. ಹಳೆಯ ರಷ್ಯನ್ ಹೀಲಿಯೋಸ್ ಲೆನ್ಸ್ ಅಗ್ಗವೆಂದು ತರಿಸಿ, ಬರಿಯ ಉಂಗುರದಂಥ ಅಡಾಪ್ಟರ್ ಹಾಕಿ ಟಾಗೋರ್ ಕಡಲತೀರಕ್ಕೆ ಹೋದೆ. ನಾಲ್ಕು ಹೆಜ್ಜೆಯೊಳಗಿನ ಮರಳು ಸ್ಪಷ್ಟ, ಕಡಲ ಅಂಚು ಬೆಣ್ಣೆ ಸವರಿದಂತೆ. ಲೆನ್ಸ್ ಕೆಟ್ಟಿದೆ ಎಂದು ಮಾರಿದವರೊಂದಿಗೆ ಜಗಳವಾಡಿದ್ದೂ ಆಯಿತು. ತಪ್ಪು ಲೆನ್ಸಿನದಲ್ಲ. ಎಂ42 ಎಂಬ ತಿರುಪಿನ, ಹೀಲಿಯೋಸ್‌ನಂಥ ಲೆನ್ಸಿಗೆ ಸೆನ್ಸರಿನಿಂದ 45.46 ಮಿಲಿಮೀಟರ್ ಅಂತರ ಬೇಕು, ನಿಕಾನ್‌ನಲ್ಲಿ ಅದು 46.5. ಒಂದೇ ಮಿಲಿಮೀಟರ್ ಹೆಚ್ಚಿದ್ದಕ್ಕೆ ದೂರದ ಫೋಕಸ್ ಹೋಯಿತು. ಕ್ಯಾನನ್‌ನಲ್ಲಿ 44, ಆದ್ದರಿಂದ ನಿಮಗೆ ತೆಳುವಾದ ಉಂಗುರವೊಂದೇ ಸಾಕು.

ಹಳೆಯ ಲೆನ್ಸಿನ ಫೋಕಸ್ ಉಂಗುರ ನಿಧಾನವಾಗಿ, ಉದ್ದಕ್ಕೆ ತಿರುಗುತ್ತದೆ. ವಿಡಿಯೊಗೆ ಅದೊಂದು ಸುಖ. ಫೋಕಸ್ಸೂ ಅಪರ್ಚರೂ ಕೈಯಿಂದಲೇ. ಓಡಾಡುವ ಮಕ್ಕಳನ್ನು ಹಿಡಿಯಲು ಹೋಗಬೇಡಿ, ಕೂತು ಕೆಲಸ ಮಾಡುವ ಅಜ್ಜಿಗೆ ತೊಂದರೆಯಿಲ್ಲ.

ಯಲ್ಲಾಪುರದಿಂದ

ಯಾವುದನ್ನೇ ಕೊಳ್ಳಿ, ಬಳಸಿದ್ದಾದರೆ ಬೂಷ್ಟು ನೋಡಿಯೇ ದುಡ್ಡು ಕೊಡಿ. ಹಿಂಬದಿಯಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಧೂಳಿನ ಚುಕ್ಕೆಗಳಿದ್ದರೆ ಚಿಂತೆಯಿಲ್ಲ, ಜೇಡರ ಬಲೆಯ ಎಳೆಯಂಥದ್ದು ಕಂಡರೆ ನಮಸ್ಕಾರ ಹೇಳಿ ಬನ್ನಿ. ನನ್ನ 55–250 ಜೂಮ್ ಲೆನ್ಸ್ ಒಂದು ಆಷಾಢವಿಡೀ ಚೀಲದಲ್ಲೇ ಉಳಿದಿತ್ತು. ಚೌತಿಗೆ ತೆಗೆದಾಗ ಒಳಗಿನ ಗಾಜಿನ ಮೇಲೆ ಬೇರು ಬಿಟ್ಟಂತಿತ್ತು. ಈಗ ಗಾಳಿಯಾಡದ ಡಬ್ಬದಲ್ಲಿ ನೀಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಅದು ಗುಲಾಬಿಗೆ ತಿರುಗಿತೆಂದರೆ ತೇವ ಕುಡಿದು ತುಂಬಿದೆ ಎಂದರ್ಥ. ಬಿಸಿ ಮಾಡಿ ಒಣಗಿಸಿದರೆ ಮತ್ತೆ ನೀಲಿಯಾಗುತ್ತದೆ. ಅಡುಗೆಯ ಬಾಣಲೆಯಲ್ಲಿ ಮಾತ್ರ ಬೇಡ, ಮನೆಯಲ್ಲಿ ಬೈಗುಳ ತಿಂದಿದ್ದೇನೆ.

ಅಂಕೋಲಾದಿಂದ

ಇಷ್ಟೆಲ್ಲ ಚರ್ಚೆ ಏಕೆ? ಇರುವ 18–55ರ ಜೂಮ್ ಉಂಗುರಕ್ಕೆ ಟೇಪ್ ಅಂಟಿಸಿ. ಒಂದು ದಿನ 24ರಲ್ಲಿ, ಇನ್ನೊಂದು ದಿನ 50ರಲ್ಲಿ ಚಿತ್ರೀಕರಿಸಿ. ಯಾವುದು ಬೇಕೆಂದು ಅಡುಗೆಮನೆಯೇ ಹೇಳುತ್ತದೆ.

ಕೇಳಿದವರು, ನಾಲ್ಕು ದಿನದ ಬಳಿಕ

ಟೇಪ್ ಅಂಟಿಸಿ ನೋಡಿದೆ. 50ರಲ್ಲಿ ಅಜ್ಜಿಯ ಕೈ ಬಂದರೆ ಮುಖವಿಲ್ಲ, ಮುಖ ಬಂದರೆ ಮಡಕೆಯಿಲ್ಲ. ನನ್ನ ಬೆನ್ನು ಪಾತ್ರೆಯ ಗೂಡಿಗೆ ತಾಗಿ ಎರಡು ಲೋಟ ಬಿದ್ದವು, ಆ ಸದ್ದೂ ವಿಡಿಯೊದಲ್ಲಿದೆ. 24ರಲ್ಲಿ ಎಲ್ಲವೂ ಕೂತಿತು. ಆಟಕ್ಕೆ ಈ ವರ್ಷ ಹೊನ್ನಾವರದವರ 50ನ್ನೇ ಒಂದು ರಾತ್ರಿಯ ಮಟ್ಟಿಗೆ ಕಡ ಕೇಳುವ ಯೋಚನೆಯಿದೆ, ಸಿಟ್ಟಾಗಬೇಡಿ ಅಣ್ಣ. ಶಿರಸಿ, ಕುಮಟಾ ಕಡೆ ಯಾರ ಬಳಿಯಾದರೂ 24 ಎಸ್‌ಟಿಎಂ ಮಾರಾಟಕ್ಕಿದ್ದರೆ ತಿಳಿಸಿ. ಟಾರ್ಚ್ ಹಿಡಿದುಕೊಂಡೇ ಬರುತ್ತೇನೆ.